ಎಡಗೋಡು, ಬಲಗಾಲು

ಹೊಸದಾಗಿ ನೌಕರಿಗೆ ಸೇರಿದ ಪಶುವೈದ್ಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, "ಮೇಡಂ, ನಿಮ್ಮ ಅನುಭವ ಒಂದೆರಡು ಹೇಳ್ರಿ" ಎನ್ನುತ್ತಾರೆ. ಅವರಿಗೆ ಏನು ಬೇಕು ಎಂದು ನನಗೆ ಗೊತ್ತು. ಹೊಟ್ಟೆಯಲ್ಲಿ ಅಡ್ಡ ಬಿದ್ದ ಕರುವನ್ನು ಹೇಗೆ ತಿರುಗಿಸಿ ಹೊರಗೆ ತಂದೆ, ಹಾಯುವ ಹೋರಿಯನ್ನು ಹೇಗೆ ಕೆಡವಿದೆ, ಇಂಥವು. ಹೇಳುತ್ತೇನೆ, ಅವರು ಖುಷಿಯಾಗಿ ಹೋಗುತ್ತಾರೆ. ಆದರೆ ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿಯೊಂದನ್ನು ಹೇಳಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಯೊಳಗೇ ನನ್ನ ನೌಕರಿ ಪೂರಾ ಮುಗಿಯಿತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಬೇಕಾದವರು ತೆಗೆದು ನೋಡಬಹುದು. ನನಗೆ ನೆನಪಿರುವುದು ದನಗಳು ಮತ್ತು ದನ ಕಟ್ಟಿದವರು.

ಮೊದಲ ವರ್ಷದ ಒಂದು ಮಾತು ಹೇಳಬೇಕು, ಮುಂದಿನದಕ್ಕೆ ಅದೇ ಬುಡ. ಕಬ್ಬಿನ ಹಂಗಾಮು. ಸಮೀರವಾಡಿಯ ದಾರಿಯಲ್ಲಿ ಕಬ್ಬಿನ ಗಾಡಿಯ ಎತ್ತೊಂದು ಮುಗ್ಗರಿಸಿದೆ ಎಂದು ಕರೆ ಬಂತು. ಹೋದೆ. ಗಾಡಿಯವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿದ.

"ಡಾಕ್ಟರು ಎಲ್ಲಿ ಅದಾರ್ರಿ?"

"ನಾನಽ ಡಾಕ್ಟರು."

"ಹೌದ್ರಿ?" ಎಂದು ಅವನು ಎತ್ತಿನ ಕಡೆ ಒಮ್ಮೆ, ನನ್ನ ಸೀರೆಯ ಕಡೆ ಒಮ್ಮೆ ನೋಡಿದ. "ಎತ್ತು ಹಾಯತೈತ್ರಿ ಬಾಯಾರ. ಗಂಡ ಡಾಕ್ಟರ್ ಯಾರರೆ ಬರ್ತಾರೇನು ನೋಡ್ರಿ."

ನಾನು ಸೆರಗು ಸಿಗಿಸಿ ಮೂಗುದಾರ ಹಿಡಿದೆ, ಎತ್ತು ಸುಮ್ಮನೆ ನಿಂತಿತು. ಅವತ್ತೇ ನಾನೊಂದು ಕೆಟ್ಟ ಪಾಠ ಕಲಿತೆ. ಗಂಡಸು ಡಾಕ್ಟರು "ಗೊತ್ತಾಗವಲ್ದು" ಅಂದರೆ "ಪಾಪ, ಖರೆ ಹೇಳ್ತಾರ" ಎನ್ನುತ್ತಾರೆ. ನಾನು ಅಂದರೆ "ಹೆಣ್ಣಮಗಳು, ಆಕಿಗೇನ್ ತಿಳೀತೈತಿ" ಎನ್ನುತ್ತಾರೆ. ಆದ್ದರಿಂದ ಗೊತ್ತಿಲ್ಲ ಎಂಬ ಮಾತನ್ನು ಬಾಯಿಂದ ಬರಗೊಡಲೇಬಾರದು ಎಂದು ಹಟ ತೊಟ್ಟೆ. ಈ ಹಟ ನನ್ನನ್ನು ಎಷ್ಟೋ ಸಲ ಉಳಿಸಿತು. ಒಂದು ಸಲ ಮಾತ್ರ ಬೇರೆಯವರ ತಲೆ ಒಡೆಯಿತು.

ಆ ಬೇರೆಯವನ ಹೆಸರು ಬೀರಪ್ಪ. ಬೀಳಗಿ ಕಡೆಯ ಗುಡ್ಡದ ಬುಡದಲ್ಲಿ ಒಂದು ಸಣ್ಣ ಜಿಂಕೆವನವಿತ್ತು. ಈಗ ಅದಿಲ್ಲ, ಹೆಸರು ಬರೆಯುವುದೂ ಬೇಡ. ಅಲ್ಲಿ ಹತ್ತಾರು ಚುಕ್ಕಿ ಜಿಂಕೆಗಳಿದ್ದವು, ಅವನ್ನು ನೋಡಿಕೊಳ್ಳಲು ದಿನಗೂಲಿಯ ಮೇಲೆ ಬೀರಪ್ಪ ಇದ್ದ. ಕುರಿ ಕಾಯುವ ಮನೆತನ, ಬೀರದೇವರ ಒಕ್ಕಲು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಆದರೆ ಸುತ್ತಿನ ಊರುಗಳಲ್ಲಿ ಅವನು ಹೆಸರಾಗಿದ್ದು ಜಿಂಕೆಗಳಿಂದ ಅಲ್ಲ, ಎತ್ತಿನ ಕೋಡಿನಿಂದ.

ನಮ್ಮ ಕಡೆ ಕಾರ ಹುಣ್ಣಿಮೆ ಬಂತೆಂದರೆ ಎತ್ತುಗಳ ಕೋಡು ಹೆರೆದು, ಎಣ್ಣೆ ಹಚ್ಚಿ, ಬಣ್ಣ ಬಳಿಯುತ್ತಾರೆ. ವಾರೆಯಾದ ಕೋಡನ್ನು ಒಂದು ಮಗ್ಗುಲಿಗೆ ಚೂರಿಯಿಂದ ಅಷ್ಟಷ್ಟೇ ಹೆರೆಯುತ್ತ ಜೋಡಿಗೆ ಸರಿಯಾಗಿ ಕಾಣುವಂತೆ ಮಾಡುವ ಕೈಗಳು ಊರಿಗೊಂದು ಎರಡು ಇರುತ್ತವೆ. ಹೆಚ್ಚು ಹೆರೆದರೆ ಒಳಗಿನ ಜೀವಕ್ಕೆ ತಾಗುತ್ತದೆ, ಮುಂದೆ ಹುಣ್ಣಾಗುತ್ತದೆ. ಹಾಗೆ ಮಾಡಬೇಡಿ ಎಂದು ಊರೂರಿಗೆ ಬೈದುಕೊಂಡು ತಿರುಗಿದವಳು ನಾನು. ಬೀರಪ್ಪನಿಗೆ ಬೈಯುವ ಪ್ರಸಂಗ ಮಾತ್ರ ಬರಲಿಲ್ಲ, ಅವನ ಕೈ ಅಷ್ಟು ಹಗುರ. ಮುಧೋಳದ ದನದ ಸಂತೆಯಲ್ಲಿ "ಇದು ಬೀರಪ್ಪ ಹೆರೆದ ಕೋಡು" ಎಂದು ಹೇಳಿ ಎತ್ತು ತೋರಿಸುವವರಿದ್ದರು.

ಜಿಂಕೆವನದಲ್ಲಿ ಅವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಂದು ಗಂಡು ಜಿಂಕೆ ಇತ್ತು. ಅದಕ್ಕೆ ಗೌಡ ಎಂದು ಹೆಸರಿಟ್ಟಿದ್ದ. ದಿನಾ ಬೆಳಗ್ಗೆ ಅದರ ಹಣೆಗೆ ಬೀರದೇವರ ಭಂಡಾರ, ಅಂದರೆ ಅರಿಷಿಣ, ಹಚ್ಚುತ್ತಿದ್ದ. ನಾನು ತಿಂಗಳಿಗೊಮ್ಮೆ ಹೋಗಿ ಎಲ್ಲವನ್ನೂ ನೋಡಿ ಬರುತ್ತಿದ್ದೆ.

ಒಂದು ದಿನ ಬೀರಪ್ಪ ಫೋನು ಮಾಡಿದ. "ಬಾಯಾರ, ಲಗೂನ ಬರ್ರಿ. ಗೌಡನ ಕೋಡು ಎರಡೂ ಬಿದ್ದಾವ. ಬೀರದೇವರ ಆಣಿ, ಯಾರೂ ಮುಟ್ಟಿಲ್ಲರಿ."

ಹೋದರೆ ಕೋಡುಗಳನ್ನು ಟವೆಲ್ಲಿನಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅವನ ತಪ್ಪೇನೂ ಇರಲಿಲ್ಲ. ನಮ್ಮ ಕುರುಚಲು ಗುಡ್ಡಗಳಲ್ಲಿ ಓಡಾಡುವ ಚಿಗರಿಯ, ಅಂದರೆ ಕೃಷ್ಣಮೃಗದ, ಕೋಡು ಎತ್ತಿನ ಕೋಡಿದ್ದ ಹಾಗೆ, ಒಮ್ಮೆ ಬಂದದ್ದು ಸಾಯುವವರೆಗೆ ಇರುತ್ತದೆ. ಊರ ಮಂದಿ ಎರಡನ್ನೂ ಚಿಗರಿ ಎಂದೇ ಕರೆಯುತ್ತಾರೆ, ಆದರೆ ಚುಕ್ಕಿ ಜಿಂಕೆಯದು ಬೇರೆ ಜಾತಿ. ವರ್ಷಕ್ಕೊಮ್ಮೆ ಉದುರುತ್ತದೆ, ಮತ್ತೆ ಬುಡದಿಂದ ಹೊಸದು ಏಳುತ್ತದೆ. ಎಳೆಯದಿದ್ದಾಗ ಅದರ ಮೇಲೆ ಮಖಮಲ್ಲಿನಂಥ ಮೆತ್ತನೆಯ ತೊಗಲು, ತೊಗಲಿನ ತುಂಬ ರಕ್ತ. ಬಲಿತ ಮೇಲೆ ತೊಗಲು ಒಣಗಿ ಸುಲಿದು ಹೋಗುತ್ತದೆ.

"ಗಿಡದ ಎಲಿ ಉದರಿ ಮತ್ತ ಚಿಗೀತಾವಿಲ್ಲೋ, ಹಂಗ ಇದು" ಎಂದೆ.

"ವರ್ಷಾ ಹೊಸಾವು?"

"ವರ್ಷಾ ಹೊಸಾವು."

"ಎತ್ತಿಗೂ ಹಿಂಗಿದ್ರ ನನ್ನ ಕೆಲಸಾನ ಇರತಿದ್ದಿಲ್ಲ ನೋಡ್ರಿ" ಎಂದು ಅವನೂ ನಕ್ಕ. ಆಮೇಲೆ ಚಿಗುರು ಕಂಡ ದಿನ ತಾನಾಗಿ ಫೋನು ಮಾಡಿ ಹೇಳಿದ. ಈ ಸಂಭಾಷಣೆಯನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ, ಅದೇ ನನ್ನ ಕಥೆ.

ಬೇರೆ ಊರುಗಳ ಕೆಲಸದಲ್ಲಿ ಮೂರು ತಿಂಗಳು ನನಗೆ ಅತ್ತ ಹೋಗಲಾಗಲಿಲ್ಲ. ಆ ಸಲದ ಕೋಡು ಬೆಳೆಯತೊಡಗಿದಾಗ ಬಲಗಡೆಯದು ಚಂದವಾಗಿ ಕವಲೊಡೆಯಿತು. ಎಡಗಡೆಯದು ಗಿಡ್ಡವಾಗಿ, ಕವಲಿಲ್ಲದೆ, ಕಿವಿಯ ಕಡೆಗೆ ಬಾಗಿಕೊಂಡಿತು. ನೋಡಲು ಬಂದವರು ಮೊಬೈಲಿನಲ್ಲಿ ಫೋಟೊ ಹೊಡೆದು ಎಲ್ಲರಿಗೂ ಕಳಿಸಿದರು. "ಪ್ರಾಣಿಹಿಂಸೆ" ಎಂದು ಯಾರೋ ದೂರು ಕೊಟ್ಟರು. ಕಾರಣ ಪರಿಶೀಲಿಸಿ ವರದಿ ಕೊಡಿ ಎಂದು ನನಗೆ ಪತ್ರ ಬಂತು.

ನಾನು ಹೋದಾಗ ಜಿಂಕೆವನದ ಮೇಲ್ವಿಚಾರಕ ಬಾಗಿಲಲ್ಲೇ ಕಾದು ನಿಂತಿದ್ದ. "ನೋಡೂದೇನೈತ್ರಿ ಮೇಡಂ. ಇಂವಾ ಎತ್ತಿನ ಕೋಡ ಹೆರಿಯೋ ಮನಷ್ಯಾ. ಚೀಲದಾಗ ಚೂರಿ ಐತಿ. ಗೌಡನ ಕೋಡು ಹಿಡಕೊಂಡು ಏನೋ ಮಾಡಾಕತ್ತಿದ್ದು ಮಂದಿ ಕಣ್ಣಾರೆ ನೋಡ್ಯಾರ."

ಚೀಲದಲ್ಲಿ ಚೂರಿ ಇತ್ತು. ಎಳೆಯ ಎಡಗೋಡಿನ ತೊಗಲಿನ ಮೇಲೆ ಬೆರಳುದ್ದದ ಗೀರೂ ಇತ್ತು. ಬೀರಪ್ಪನನ್ನು ಕರೆದು ಕೇಳಿದೆ.

"ನೊಣಾ ಕುಂಡರತಾವಂತ ಬೇವಿನೆಣ್ಣಿ ಹಚ್ಚತಿದ್ನಿರಿ" ಎಂದ. "ಗೀರು ಜಾಲರಿಗೆ ತಿಕ್ಕಿದ್ದರಿ. ಬಾಯಾರ, ಗೌಡ ಕುಂಟತೈತ್ರಿ, ಬಲಗಡೆ ಹಿಂಗಾಲು. ಕೋಡ ಬಿದ್ದ ಮರು ವಾರ ಜಾಲರ್ಯಾಗ ಕಾಲ ಸಿಕ್ಕಿತ್ತು, ನಾನ ಬಿಡಿಸೀನಿ. ಮೊದಲ ಅದನ್ನ ನೋಡ್ರಿ."

"ನಾ ಕೋಡಿನ ಮಾತು ಕೇಳಾಕತ್ತೇನಿ, ನೀ ಕಾಲಿನ ಮಾತು ಹೇಳಾಕತ್ತಿ" ಎಂದು ರೇಗಿದೆ. ಸಿಕ್ಕಿಬಿದ್ದವರು ಮಾತು ಹೊರಳಿಸುವುದನ್ನು ನಾನು ಬಹಳ ನೋಡಿದ್ದೆ. ಇವನೂ ಹೊರಳಿಸುತ್ತಿದ್ದಾನೆ ಅನ್ನಿಸಿತು.

ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಕಲಿಯುವಾಗ ಜಿಂಕೆಯ ಬಗ್ಗೆ ಓದಿದ್ದು ಒಂದೆರಡು ಪುಟ. ಕಚೇರಿಗೆ ಬಂದು ವರದಿಯಲ್ಲಿ ಎಲ್ಲ ತುಂಬಿ, 'ಕಾರಣ' ಎಂಬಲ್ಲಿ ಖಾಲಿ ಬಿಟ್ಟು ಸಾಹೇಬರ ಮುಂದಿಟ್ಟೆ. ನಮ್ಮ ಸಾಹೇಬರು ಕೆಟ್ಟವರಲ್ಲ, ಫೈಲು ಮುಂದೆ ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

"ಬಾಯಾರ, ಇದೊಂದು ಕಲಮ್ ಖಾಲಿ ಬಿಟ್ರ ಹ್ಯಾಂಗ? ಏನರೆ ಒಂದು ಬರೀರಿ. ನಿಮಗ ಗೊತ್ತಾಗಲಿಲ್ಲಂದ್ರ ಬ್ಯಾರೆ ಡಾಕ್ಟರನ್ನ ಕಳಸ್ತೀನಿ."

ಬೇರೆ ಡಾಕ್ಟರ್ ಎಂದದ್ದೇ ಸಾಕಾಯಿತು. ಆ ಕಬ್ಬಿನ ಗಾಡಿಯವನು ಕಣ್ಣ ಮುಂದೆ ಬಂದ. ಅಲ್ಲೇ ನಿಂತು ಪೆನ್ನು ತೆಗೆದು ಬರೆದೆ: 'ಎಳೆಯ ಕೋಡಿನ ಮೇಲೆ ಹರಿತವಾದ ಉಪಕರಣ ಬಳಸಿದ್ದರಿಂದ ಎಡಗೋಡಿನ ಬೆಳವಣಿಗೆ ಕುಂಠಿತಗೊಂಡಿದೆ.' ಒಂದೇ ಸಾಲು. ಸಹಿ, ಸಿಕ್ಕಾ. ಸಂಜೆ ಮಹಾಲಿಂಗಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಳ್ಳೆಯ ಕೆಲಸ ಮಾಡಿದವಳ ಹಾಗೆ ಕಬ್ಬಿನ ಹಾಲು ಕುಡಿದು ಮನೆಗೆ ಹೋದೆ.

ಬೀರಪ್ಪನನ್ನು ಕೆಲಸದಿಂದ ತೆಗೆದರು ಎಂದು ಆಮೇಲೆ ಯಾರೋ ಹೇಳಿದರು. ಅಯ್ಯೋ ಪಾಪ ಅನ್ನಿಸಿತು. ಆದರೆ ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡು ಸುಮ್ಮನಾದೆ. ನಡುವೆ ನನ್ನನ್ನು ಬೇರೆ ಕೆಲಸಕ್ಕೆ ಹಾಕಿದ್ದರಿಂದ ಸುಮಾರು ಒಂದು ವರ್ಷ ಆ ಕಡೆ ಹೋಗಲಿಲ್ಲ.

ಮತ್ತೆ ಹೋದದ್ದು ಲಸಿಕೆ ಹಾಕಲು. ಗೌಡ ದೂರದಲ್ಲಿ ನಿಂತಿತ್ತು. ಹಣೆಯ ಮೇಲೆ ಅರಿಷಿಣವಿರಲಿಲ್ಲ. ಹಳೆಯ ಕೋಡು ಉದುರಿ ಹೊಸದು ಬಂದಿದೆ ಎಂದು ಹೊಸ ಕೆಲಸಗಾರ ಹೇಳಿದ. ನೋಡಿದೆ. ಬಲಗೋಡು ಚಂದ. ಎಡಗೋಡು ಮತ್ತೆ ಹಾಗೇ, ಗಿಡ್ಡ, ಕಿವಿಯ ಕಡೆ ಬಾಗಿದ್ದು.

ನನ್ನ ಕೈಯಲ್ಲಿದ್ದ ಸಿರಿಂಜು ಹಾಗೇ ಉಳಿಯಿತು. ಹಳೆಯ ಕೋಡನ್ನು ಚೂರಿ ಕೆಡಿಸಿತ್ತು ಎಂದಿಟ್ಟುಕೊಂಡರೂ ಅದು ಉದುರಿ ಹೋಗಿದೆ. ಬೀರಪ್ಪನೂ ಇಲ್ಲ, ಅವನ ಚೂರಿಯೂ ಇಲ್ಲ. ಹಾಗಾದರೆ ಈ ಹೊಸ ಕೋಡನ್ನು ಕೆಡಿಸಿದವರು ಯಾರು? ವರ್ಷಾ ಹೊಸದು ಎಂದು ಬೀರಪ್ಪನಿಗೆ ಪಾಠ ಹೇಳಿದವಳು ನಾನೇ. ವರದಿ ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಎತ್ತಿನ ಕೋಡು.

ಅಲ್ಲೇ ಕಲ್ಲಿನ ಮೇಲೆ ಕೂತು ನನಗೆ ಕಲಿಸಿದ್ದ ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ನಿವೃತ್ತರಾಗಿ ಬಹಳ ವರ್ಷವಾಗಿದ್ದ ಮುದುಕರು. ಎಲ್ಲ ಕೇಳಿಸಿಕೊಂಡು, "ಮೇವು, ಖನಿಜದ ಉಪ್ಪು ಕಡಿಮಿ ಆದ್ರ ಎರಡೂ ಕೋಡು ಸೊರಗತಾವ. ಹೊಟ್ಟ್ಯಾಗ ಜಂತ ಆದ್ರೂ ಅಷ್ಟ. ತರಡ ಬೀಜಕ್ಕ ಪೆಟ್ಟಾಗಿದ್ರ ಕೋಡಿನ ತೊಗಲ ಸುಲಿಯೂದ ಇಲ್ಲ. ಒಂದ ಕೋಡು, ಅದೂ ಎರಡು ಸಲ ಅಂದ್ರ..." ಎಂದು ಕೆಮ್ಮಿದರು. "ಕೋಡು ಏಳೋ ಬುಡದ ಎಲುಬು ನೋಡಿದಿ?"

"ಈಗ ದೂರದಿಂದ ನೋಡೇನ್ರಿ ಸರ್. ಅದು ಛಲೋನ ಕಾಣತೈತಿ."

"ಎಡಗೋಡು ಅಂದಿ. ಬಲ ಹಿಂಗಾಲು ಹ್ಯಾಂಗೈತೆವ್ವಾ?"

ನಾನು ಕಲ್ಲಿನಿಂದ ಎದ್ದು ಗೌಡನ ಕಡೆ ತಿರುಗಿದೆ.

"ಹಿಂಗಾಲಿಗೆ ದೊಡ್ಡ ಪೆಟ್ಟಾದ್ರ ಎದುರು ಮಗ್ಗಲಿನ ಕೋಡು ವಾರಿ ಬರೂದುಂಟು. ಯಾಕಂತ ನನಗೂ ಪೂರಾ ತಿಳಿದಿಲ್ಲ. ಆದ್ರ ಉಂಟು. ಕಾಲು ನೋಡು."

ನಾಲ್ಕು ಜನ ಸೇರಿ ಗೌಡನನ್ನು ಹಿಡಿದೆವು. ಬಲ ಹಿಂಗಾಲಿನ ಎಲುಬು ಮುರಿದು, ತಾನಾಗಿ ವಾರೆಯಾಗಿ ಕೂಡಿಕೊಂಡಿತ್ತು. ಮೇಲೆ ಕೂದಲು ಬಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಸಿಗುತ್ತಿತ್ತು. ಎದ್ದು ಬೇಲಿಗುಂಟ ನಡೆದೆ. ಒಂದು ಕಡೆ ಜಾಲರಿ ಹರಿದಿತ್ತು, ಹರಿದ ಬಾಯಿಗೆ ಹಳೆಯ ಕೆಂಪು ರುಮಾಲಿನ ತುಂಡನ್ನು ಬಿಗಿದು ಕಟ್ಟಿತ್ತು. ಆ ಜಿಂಕೆವನದಲ್ಲಿ ಅಂಥ ರುಮಾಲು ತಲೆಗೆ ಸುತ್ತುತ್ತಿದ್ದವನು ಬೀರಪ್ಪ ಒಬ್ಬನೇ. ಇನ್ನೊಂದರ ಕಾಲು ಸಿಗದಿರಲಿ ಎಂದು ತಲೆಯ ಬಟ್ಟೆ ಹರಿದು ಕಟ್ಟಿದ ಮನುಷ್ಯನ ಮೇಲೆ ನಾನು ಹರಿತವಾದ ಉಪಕರಣ ಎಂದು ಬರೆದಿದ್ದೆ. ನನಗೆ ಅಳು ಬಂತು, ಯಾರಿದ್ದಾರೆ ಎಂದೂ ನೋಡದೆ ಅತ್ತೆ.

ಹೊಸಬರಿಗೆ ಇಲ್ಲೊಂದು ಮಾತು. ಈಗ ನೀವು ಮೊಬೈಲಿನಲ್ಲಿ ಬಂದ ಫೋಟೊ ನೋಡಿ ಔಷಧ ಬರೆಯುತ್ತೀರಿ. ತಪ್ಪೇನಿಲ್ಲ, ನಾನು ನೌಕರಿಗೆ ಸೇರಿದಾಗ ನಮಗೆ ಆ ಸೌಕರ್ಯ ಇರಲಿಲ್ಲವೆಂದು ಹೊಟ್ಟೆಕಿಚ್ಚೂ ಇದೆ. ಆದರೆ ಆಗ ಮಂದಿ ಹೊಡೆದಿದ್ದ ಗೌಡನ ಫೋಟೊಗಳನ್ನು ನಾನು ಆಮೇಲೆ ಹುಡುಕಿ ಹುಡುಕಿ ನೋಡಿದೆ. ಎಲ್ಲದರಲ್ಲೂ ತಲೆ ಇದೆ. ಒಂದರಲ್ಲೂ ಕಾಲಿಲ್ಲ.

ಮರುದಿನ ಸಾಹೇಬರ ಮುಂದೆ ನಿಂತೆ. "ಅದು ಮುಗಿದ ಫೈಲ್ರಿ ಬಾಯಾರ" ಎಂದರು.

"ಫೈಲ್ ಮುಗಿದೈತ್ರಿ ಸಾಹೇಬ್ರ. ಆ ಮನಷ್ಯಾ ಇನ್ನೂ ಅದಾನ್ರಿ."

ಸಾಹೇಬರು ಪೇಪರ್‌ವೇಟು ತಿರುಗಿಸಿದರು. "ಆತು, ಬರೀರಿ. ಆದ್ರ ನಿಮ್ಮ ತಪ್ಪಂತ ಬರೀಬ್ಯಾಡ್ರಿ. 'ಹೆಚ್ಚಿನ ಪರಿಶೀಲನೆಯಿಂದ ತಿಳಿದುಬಂದಂತೆ' ಅಂತ ಬರೀರಿ. ನಿಮಗೂ ನೌಕರಿ ಐತಿ." ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ನನ್ನ ತಪ್ಪು ಎಂದೇ ಬರೆದೆ. ಅವರು ಓದಿ ಸಹಿ ಹಾಕಿದರು. ಆದರೆ ಬೀರಪ್ಪನ ಜಾಗದಲ್ಲಿ ಆಗಲೇ ಇನ್ನೊಬ್ಬರಿದ್ದರು, ಅದೇ ವರ್ಷ ಜಿಂಕೆಗಳನ್ನೂ ಬೇರೆ ಕಡೆಗೆ ಸಾಗಿಸಿ ಜಿಂಕೆವನವನ್ನು ಮುಚ್ಚುವ ಮಾತು ನಡೆದಿತ್ತು. ನನ್ನ ಹೊಸ ವರದಿಯಿಂದ ಅವನಿಗೆ ಕೆಲಸ ಮರಳಲಿಲ್ಲ.

ಹೊಸ ವರದಿಯ ಪ್ರತಿ ಹಿಡಿದು ಅವನ ಊರಿಗೆ ಹೋದೆ. ಬೀರಪ್ಪ ತಮ್ಮನ ಕುರಿ ಹೊಡೆದುಕೊಂಡು ಹೋಗಿದ್ದ. ಹೆಂಡತಿ ಲಕ್ಕವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಮಾತು ಕೊಡಲಿಲ್ಲ. ನಾನೇ ಎಲ್ಲ ಹೇಳಿದೆ. ಗೋಡೆಯ ಗೂಡಿನಲ್ಲಿ ಅವನ ಚೂರಿ ಇತ್ತು, ತುಕ್ಕು ಹಿಡಿದಿತ್ತು. ನಾನು ಅದನ್ನು ನೋಡುವುದನ್ನು ಲಕ್ಕವ್ವ ನೋಡಿದಳು.

"ಚಿಗರಿ ಕಾಯೋ ಕೆಲಸ ಹೋದ್ರ ಹೋಗವಲ್ದ್ಯಾಕ್ರಿ, ಕುರಿ ಅದಾವು" ಎಂದಳು. "ಕಾರಹುಣ್ಣಿವಿ ಬಂತಂದ್ರ ಈ ಅಂಗಳದಾಗ ಎತ್ತ ನಿಲ್ಲಾಕ ಜಾಗಾ ಇರತಿದ್ದಿಲ್ಲ. ಹ್ವಾದ ವರ್ಷದ ಹುಣ್ಣಿವಿಗೆ ಒಂದ ಎತ್ತ ಬರಲಿಲ್ಲರಿ. ಚಿಗರಿ ಕೋಡ ಕೆಡಿಸಿದ ಕೈ ಅಂದ್ರು ಮಂದಿ. ಇಡೀ ದಿನ ಕೈ ತೊಳಕೊಂಡು ಕುಂತಿದ್ದ. ಸಂಜೀಕ ಚೂರಿ ಅಲ್ಲಿ ಇಟ್ಟಾಂವ ಮತ್ತ ಮುಟ್ಟಿಲ್ಲ."

ಕೆಲಸ ಒಂದೇ ಹೋಯಿತು ಎಂದುಕೊಂಡಿದ್ದೆ ನಾನು. ಆ ಕೈಯ ಹೆಸರೇ ಹೋಗಿತ್ತು. "ತಪ್ಪು ನಂದು ಲಕ್ಕವ್ವ" ಎಂದು ಕಾಗದ ಮುಂದೆ ಚಾಚಿದೆ.

ಅವಳು ಮೊರ ಕೆಳಗಿಟ್ಟಳು. "ನನಗ್ಯಾಕ ಹೇಳ್ತೀರಿ ಬಾಯಾರ? ನಾ ಯಾವಾಗ ನಂಬಿದ್ದೆ? ನಂಬಿದ ಮಂದಿಗೆ ಹೇಳ್ರಿ."

ಬಸ್ಸಿನಲ್ಲಿ ಕೂತು ಊರಿನವರೆಗೂ ಅದೇ ಮಾತು ತಲೆಯಲ್ಲಿ. ಮಂದಿಗೆ ಹೇಗೆ ಹೇಳುವುದು? ಸರ್ಕಾರಿ ವರದಿಯನ್ನು ಯಾವ ರೈತ ಓದುತ್ತಾನೆ? ನಮ್ಮ ಜನ ನಂಬುವುದು ಎತ್ತು ಯಾರ ಅಂಗಳಕ್ಕೆ ಹೋಯಿತು ಎಂಬುದನ್ನು ಮಾತ್ರ. ಕಾರ ಹುಣ್ಣಿಮೆಗೆ ಹದಿನೈದು ದಿನವಿತ್ತು. ಮಹಾಲಿಂಗಪುರದ ಹತ್ತಿರ ಒಕ್ಕಲುತನ ಮಾಡುವ ನಮ್ಮಣ್ಣನ ಮನೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತುಗಳಿದ್ದವು, ಮಕ್ಕಳಿಗಿಂತ ಹೆಚ್ಚು ಅವಕ್ಕೆ ಉಪಚಾರ. ಅವನ್ನು ಬೀರಪ್ಪನ ಹತ್ತಿರ ಒಯ್ಯುತ್ತೇನೆ, ಕೊಡು ಎಂದು ಅಣ್ಣನನ್ನು ಕೇಳಿದೆ.

"ಆ ಕೈಯಾಗ ಕೊಡ್ತಿ?" ಎಂದ ಅಣ್ಣ. "ಅಂವಾ ಕೋಡು ಕೆಡಿಸಿದಾನಂತ ನೀನ ಹೇಳಿದ್ದಿಲ್ಲೇನು?"

"ನಾನ ಹೇಳಿದ್ದೆ. ಅದಕ್ಕ ನಾನ ಹೊಡಕೊಂಡು ಹೋಗಬೇಕು."

ಅಣ್ಣ ಒಪ್ಪಿದ. ಹುಣ್ಣಿಮೆಯ ಹಿಂದಿನ ದಿನ ಟೆಂಪೋದಲ್ಲಿ ಎತ್ತುಗಳನ್ನು ಹತ್ತಿಸಿ ಕೊಟ್ಟ. ಬೀರಪ್ಪನ ಊರ ಅಗಸಿಬಾಗಿಲಲ್ಲಿ ಇಳಿಸಿಕೊಂಡು, ಎರಡೂ ಹಗ್ಗ ಕೈಯಲ್ಲಿ ಹಿಡಿದು ನಡು ಓಣಿಯಲ್ಲಿ ನಡೆದೆ. ಬೆಳಗಿನ ಹೊತ್ತು, ಬೀರದೇವರ ಗುಡಿಯ ಕಟ್ಟೆಯ ತುಂಬ ಮಂದಿ.

"ಏನ್ರಿ ಬಾಯಾರ, ಎತ್ತ ಹಿಡಕೊಂಡು ಎಲ್ಲಿಗೆ ಹೊಂಟ್ರಿ?" ಎಂದ ಒಬ್ಬ ಹಿರಿಯ.

"ಬೀರಪ್ಪನ ಮನಿಗ್ರಿ. ಕೋಡ ಹೆರಿಸಾಕ."

ಹಿರಿಯ ಕಟ್ಟೆಯಿಂದ ಇಳಿದು ಬಂದ. "ಅಂವಾ ಚಿಗರಿ ಕೋಡು ಕೆಡಿಸ್ಯಾನಂತ ನೀವ ಬರದಿದ್ರೆಲ್ರಿ?"

"ಬರದಿದ್ದೆ. ತಪ್ಪ ಬರದಿದ್ದೆ. ಚಿಗರಿ ಕಾಲು ಮುರದಿತ್ತು, ಅದರಿಂದ ಕೋಡು ವಾರಿ ಬಂದಿತ್ತು. ಬೀರಪ್ಪ ಅವತ್ತ ಕಾಲು ನೋಡ್ರಿ ಅಂದ. ನಾ ನೋಡಲಿಲ್ಲ."

ಇದನ್ನೇ ಹಿಟ್ಟಿನ ಗಿರಣಿಯ ಮುಂದೆ ಒಮ್ಮೆ, ನೀರಿನ ಟಾಕಿಯ ಹತ್ತಿರ ಒಮ್ಮೆ ಹೇಳಿದೆ. ಮೊದಲ ಸಲ ನಾಚಿಕೆಯಾಯಿತು, ಮೂರನೆಯ ಸಲ ಯಾರೂ ಕೇಳುವ ಮೊದಲೇ ಹೇಳಿದೆ. ಹಿಂದೆ ಹತ್ತು ಹದಿನೈದು ಮಂದಿ ಕೂಡಿಕೊಂಡು ಬರುತ್ತಿದ್ದರು.

ಬೀರಪ್ಪ ಅಂಗಳದಲ್ಲಿ ಕಂಬಳಿ ಝಾಡಿಸುತ್ತಿದ್ದ. ನನ್ನನ್ನು ನೋಡಿದ, ಎತ್ತುಗಳನ್ನು ನೋಡಿದ, ಹಿಂದಿದ್ದ ಮಂದಿಯನ್ನು ನೋಡಿದ. ಬರ್ರಿ ಎನ್ನಲಿಲ್ಲ. ಲಕ್ಕವ್ವ ಬಾಗಿಲಲ್ಲಿ ಬಂದು ನಿಂತಳು.

"ಬೀರಪ್ಪಣ್ಣ, ನಮ್ಮಣ್ಣನ ಎತ್ತರಿ ಇವು" ಎಂದೆ. ಅವನಿಗೆ ಅಣ್ಣ ಎಂದು, ರೀ ಎಂದು ಮಾತಾಡಿದ್ದು ಅದೇ ಮೊದಲು. "ಈ ಬಿಳಿ ಎತ್ತಿನ ಎಡಗೋಡು ಒಂಚೂರು ವಾರಿ ಐತಿ. ನೋಡ್ತೀರೇನು?"

ನಾನು ಹಗ್ಗ ಚಾಚಿಕೊಂಡೇ ಇದ್ದೆ. ಕಡೆಗೆ ಅವನು ಬಂದು ಹಗ್ಗ ತೆಗೆದುಕೊಂಡ, ಎತ್ತಿನ ಕತ್ತು ತುರಿಸಿದ. ಕೋಡಿನ ಕಡೆ ಕಣ್ಣೆತ್ತಲಿಲ್ಲ. ಹಿಂದೆ ಹೋಗಿ ಬಗ್ಗಿ ಬಲ ಹಿಂಗಾಲನ್ನು ಎತ್ತಿ ಹಿಡಿದು, ಗೊರಸಿನಿಂದ ಮೇಲಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಕೆಳಗಿಟ್ಟ. ಆಮೇಲೆ ಎಡಗಾಲು. ಆಮೇಲೆ ಮುಂಗಾಲು, ಒಂದೊಂದಾಗಿ. ನಾನು ತಲೆ ತಗ್ಗಿಸಿ ನೋಡುತ್ತಿದ್ದೆ.

ನಾಲ್ಕೂ ಮುಗಿದ ಮೇಲೆ ಅವನು ಎದ್ದು ಧೋತರಕ್ಕೆ ಕೈ ಒರೆಸಿಕೊಂಡ.

"ಕಾಲು ನಾಕೂ ಛಲೋ ಅದಾವ್ರಿ ಬಾಯಾರ" ಎಂದ. ಆಮೇಲೆ ಬಾಗಿಲ ಕಡೆ ತಿರುಗಿ, "ಏ ಇವಳ, ಗೂಡನ್ಯಾಗಿನ ಚೂರಿ ಕೊಡು. ಇನ್ನ ಕೋಡು ನೋಡೂಣು" ಎಂದ.